ಅಪ್ಪಯ್ಯನ ಫೈಬರ್ ದೋಣಿಗೆ ಪೇಂಟೋ, ಜೆಲ್‌ಕೋಟೋ?

ಕಳೆದ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ನಮ್ಮ ದೋಣಿಗೆ ಒರಗಿ ನಿಂತು ಅಣ್ಣನ ಜೊತೆ ಒಂದು ಸೆಲ್ಫಿ ತೆಗೆದುಕೊಂಡೆ. ಮನೆಗೆ ಬಂದು ನೋಡಿದರೆ ನನ್ನ ಕಪ್ಪು ಕುರ್ತಾದ ಬೆನ್ನಿಡೀ ಬಿಳಿ. ಆಗಷ್ಟೇ ಸುಣ್ಣ ಬಳಿದ ಗೋಡೆಗೆ ಒರಗಿದರೆ ಆಗುತ್ತದಲ್ಲ, ಹಾಗೆ.

"ಎರಡು ವರ್ಷದಿಂದ ಹೀಂಗೇ ಪುಡಿ ಬಿಡ್ತಾ ಇತ್ತ್. ಇನ್ನು ಇದನ್ನ ಇಟ್ಕಂಡ್ ಎಂತ ಮಾಡೂದ್?" ಅಂದ ಅಣ್ಣ. ಆಮೇಲೆ ಗೊತ್ತಾಯಿತು, ದೋಣಿ ಕೇಳಿಕೊಂಡು ಒಬ್ಬರು ಬಂದು ಹೋಗಿದ್ದರು. ಅಂಗೈಯಿಂದ ಒಮ್ಮೆ ಸವರಿ, ಕೈಗೆ ಹತ್ತಿದ ಬಿಳಿ ಪುಡಿ ತೋರಿಸಿ, ಅರ್ಧ ಬೆಲೆ ಹೇಳಿದ್ದರಂತೆ. ಅಪ್ಪಯ್ಯ ಅಲ್ಲೇ ಕೂತಿದ್ದರಂತೆ. ಏನೂ ಮಾತಾಡಲಿಲ್ಲವಂತೆ.

ಕುಂದಾಪುರದ ಕೋಡಿ ನಮ್ಮೂರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ಆಚೆ ದಡದಲ್ಲಿ ಗಂಗೊಳ್ಳಿ. ಅಪ್ಪಯ್ಯನಿಗೆ ಮೊದಲು ಮರದ ದೋಣಿ ಇತ್ತು. ಪ್ರತಿ ವರ್ಷ ಅದನ್ನು ಒಣಗಿಸಿ, ಉಜ್ಜಿ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಆ ಎಣ್ಣೆ ತಾಗಿ ಅವರ ಕೈ ಸುಟ್ಟು ಸಿಪ್ಪೆ ಏಳುತ್ತಿದ್ದದ್ದು ನನಗೆ ಈಗಲೂ ನೆನಪಿದೆ. 2003ರಲ್ಲಿ ಸಾಲ ಮಾಡಿ 24 ಅಡಿಯ ಈ ಫೈಬರ್ ದೋಣಿ ತೆಗೆದುಕೊಂಡಾಗ ಅವರಿಗೆ ಖುಷಿಯಾದದ್ದು ಮುಖ್ಯವಾಗಿ ಒಂದೇ ಮಾತಿಗೆ. "ಇದಕ್ಕೆ ಎಣ್ಣೆಯೂ ಬೇಡ, ಬಣ್ಣವೂ ಬೇಡ" ಅಂದಿದ್ದರಂತೆ ಮಾರಿದವರು. ಹನ್ನೆರಡು-ಹದಿಮೂರು ವರ್ಷ ಆ ಮಾತು ಸುಳ್ಳಾಗಲಿಲ್ಲ. ನನ್ನ ಇಂಜಿನಿಯರಿಂಗ್ ಫೀಸು ಈ ದೋಣಿಯಲ್ಲಿ ಬಂದ ಬಂಗುಡೆ, ಬೂತಾಯಿಯದ್ದು ಅನ್ನುವುದನ್ನೂ ಹೇಳಿಬಿಡುತ್ತೇನೆ.

ಹಾಗಾಗಿ ಆ ರಾತ್ರಿ ಊಟಕ್ಕೆ ಕೂತಾಗ ಬಾಯಿ ತಪ್ಪಿ ಬಂತು: "ಮಾರೋದು ಬೇಡ. ನಾನು ದುಡ್ಡು ಕೊಡ್ತೇನೆ. ಹೊಸದರ ಹಾಗೆ ಮಾಡಿಸೋಣ."

ನನ್ನ ಕೈಯಲ್ಲಿ ಇದ್ದದ್ದು ಆ ವರ್ಷದ ಬೋನಸ್, 60 ಸಾವಿರ ರೂಪಾಯಿ. ಇದ್ದ ಸಮಯ ಮಳೆ ಬರುವವರೆಗೆ, ಅಂದರೆ ಹೆಚ್ಚೆಂದರೆ ಐದು ವಾರ. ಅಣ್ಣ ಒಂದೇ ಷರತ್ತು ಹಾಕಿದ. ಮಳೆಗಾಲದೊಳಗೆ ಕೆಲಸ ಮುಗಿಯದಿದ್ದರೆ, ಅಥವಾ ಮುಗಿದರೂ ಮತ್ತೆ ಸಿಪ್ಪೆ ಎದ್ದರೆ, ಆ ಅರ್ಧ ಬೆಲೆಗೇ ದೋಣಿ ಹೋಗುತ್ತದೆ.

ಆ ಬಿಳಿ ಪುಡಿ ಎಂತದ್ದು?

ನಾನು ಮಾಡುವುದು ಸಾಫ್ಟ್‌ವೇರ್ ಟೆಸ್ಟಿಂಗ್. ಯಾವುದೇ ದೋಷ ಸಿಕ್ಕಿದರೆ ಅದರ ಬುಡ ಹುಡುಕುವುದು ಅಭ್ಯಾಸ. ಎರಡು ರಾತ್ರಿ ಓದಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು.

ಫೈಬರ್ ದೋಣಿ ಕಟ್ಟುವುದು ಹೊರಗಿನಿಂದ ಒಳಕ್ಕೆ. ಮೊದಲು ಕನ್ನಡಿಯ ಹಾಗೆ ನಯವಾದ ಅಚ್ಚು. ಅಚ್ಚಿಗೆ ಮೇಣ ಹಚ್ಚಿ, ಅದರ ಮೇಲೆ ಬಣ್ಣ ಬೆರೆಸಿದ ದಪ್ಪನೆಯ ಪಾಲಿಯೆಸ್ಟರ್ ರೆಸಿನ್ ಬಳಿಯುತ್ತಾರೆ. ಅದೇ ಜೆಲ್‌ಕೋಟ್. ಅದು ಗಟ್ಟಿಯಾಗುವಾಗ ಹಿಂದಿನಿಂದ ಗಾಜಿನ ನೂಲಿನ ಚಾಪೆ, ರೆಸಿನ್, ಮತ್ತೆ ಚಾಪೆ, ಮತ್ತೆ ರೆಸಿನ್. ಕೊನೆಗೆ ಅಚ್ಚಿನಿಂದ ಬಿಡಿಸಿದಾಗ ಜೆಲ್‌ಕೋಟ್ ಹೊರಗಿನ ಚರ್ಮವಾಗಿರುತ್ತದೆ. ಹೊಸ ದೋಣಿಯ ಹೊಳಪು ಬಣ್ಣದ್ದಲ್ಲ, ಅಚ್ಚಿನದ್ದು. ಈ ಒಂದು ವಿಷಯ ಸರಿಯಾಗಿ ತಲೆಗೆ ಹೋಗಿದ್ದರೆ ನಾನು ಆಮೇಲೆ ಆಡಿದ ಅರ್ಧ ವಾದ ಆಡುತ್ತಲೇ ಇರಲಿಲ್ಲ.

ಆ ಚರ್ಮ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಬಿಸಿಲಿನ ಅತಿನೇರಳೆ ಕಿರಣ ವರ್ಷಗಟ್ಟಲೆ ಬಿದ್ದಾಗ ಮೇಲಿನ ರೆಸಿನ್ ಒಡೆಯುತ್ತದೆ. ಹಿಡಿದುಕೊಳ್ಳುವವರಿಲ್ಲದೆ ಅದರೊಳಗಿನ ಬಣ್ಣದ ಕಣ ಪುಡಿಯಾಗಿ ಉದುರುತ್ತದೆ. ನನ್ನ ಕುರ್ತಾಕ್ಕೆ ಹತ್ತಿದ್ದು ಅದೇ.

ಪೇಂಟ್ ಬೇರೆ ಜಾತಿ. ದೋಣಿಗೆ ಹಾಕುವ ಒಳ್ಳೆಯ ಪೇಂಟ್ ಅಂದರೆ ಎರಡು ಡಬ್ಬಿಯಲ್ಲಿ ಬರುವ ಪಾಲಿಯುರೆಥೇನ್. ನಮ್ಮ ಕಡೆ ಎಲ್ಲರೂ ಪಿಯು ಅನ್ನುತ್ತಾರೆ. ಅಡಿಯಲ್ಲಿ ಇಪಾಕ್ಸಿ ಪ್ರೈಮರ್, ಮೇಲೆ ಪಿಯು ಎರಡು ಕೈ. ಒಣಗಿದ ಮೇಲೆ ಪಿಯು ಪದರ ಒಂದು ಕೈಗೆ ಸುಮಾರು 50 ಮೈಕ್ರಾನ್, ಅಂದರೆ ಜೆಲ್‌ಕೋಟಿನ ಹತ್ತನೇ ಒಂದು ಭಾಗ. ಆದರೆ ಬಿಸಿಲಿಗೆ ಅದು ಜೆಲ್‌ಕೋಟಿಗಿಂತ ಹೆಚ್ಚು ತಾಳುತ್ತದೆ, ಹೊಳಪು ಬೇಗ ಕಳೆದುಕೊಳ್ಳುವುದಿಲ್ಲ.

ನನ್ನ ಲೆಕ್ಕ ಸುಲಭವಿತ್ತು. ಹತ್ತು ಪಟ್ಟು ದಪ್ಪ ಅಂದರೆ ಹತ್ತು ಪಟ್ಟು ಒಳ್ಳೆಯದು. ಜೊತೆಗೆ ಅದು 'ಒರಿಜಿನಲ್'. ಜೆಲ್‌ಕೋಟೇ ಮಾಡಿಸೋಣ ಎಂದು ನಿರ್ಧರಿಸಿ, ಮಾರನೇ ದಿನ ಫೈಬರ್ ಕೆಲಸದ ಮೇಸ್ತ್ರಿಯನ್ನು ಕರೆಸಿದೆ.

ಮೇಸ್ತ್ರಿ ತಂದದ್ದು ಒಂದು ಲೋಟ ನೀರು

ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಮಲ್ಪೆಯಿಂದ ಭಟ್ಕಳದವರೆಗೆ ದೋಣಿ ರಿಪೇರಿ ಮಾಡಿಕೊಂಡೇ ಬದುಕಿದವರು. ನಾನು ಫೋನಿನಲ್ಲಿ ಚಿತ್ರ ತೋರಿಸುತ್ತಾ ವಿವರಿಸುತ್ತಿದ್ದರೆ ಅವರು ಕೇಳುತ್ತಲೇ ದೋಣಿಯ ಸುತ್ತ ಒಂದು ಸುತ್ತು ಬಂದರು. ನಂತರ ಅಮ್ಮನ ಹತ್ತಿರ ಒಂದು ಲೋಟ ನೀರು ಕೇಳಿದರು. ಕುಡಿಯಲಿಕ್ಕೆ ಅಂದುಕೊಂಡೆ. ದೋಣಿಗೆ ಎರಚಿದರು.

ಒಂದು ಕಡೆ ನೀರು ಹಾಳೆಯ ಹಾಗೆ ಹರಡಿ ಇಳಿಯಿತು. ಇನ್ನೊಂದು ಕಡೆ ಕೆಸುವಿನ ಎಲೆಯ ಮೇಲಿನ ಹಾಗೆ ಮಣಿ ಮಣಿಯಾಗಿ ನಿಂತಿತು. "ಇಲ್ಲಿ ಜಿಡ್ಡಿದೆ, ಮೇಣ ಇದೆ, ಮೀನೆಣ್ಣೆ ಇದೆ. ಇದರ ಮೇಲೆ ನೀನು ಚಿನ್ನ ಬಳಿದರೂ ಬೀಳ್ತದೆ ತಂಗಿ" ಅಂದರು.

ಹೇಳಿದ್ದಕ್ಕೆ ಸಾಕ್ಷಿ ಪಕ್ಕದಲ್ಲೇ ಇತ್ತು. ಎರಡು ವರ್ಷದ ಹಿಂದೆ ಅಣ್ಣ ಮುಂತಲೆಗೆ ಒಂದು ನೀಲಿ ಪಟ್ಟಿ ಬಳಿದಿದ್ದ. ಮನೆಯ ಗೇಟಿಗೆ ಹೊಡೆದು ಉಳಿದ ಎನಾಮೆಲ್. ಮೇಸ್ತ್ರಿ ಉಗುರು ಹಾಕಿ ಎಳೆದರೆ ಅದು ಈರುಳ್ಳಿ ಸಿಪ್ಪೆಯ ಹಾಗೆ ಉದ್ದಕ್ಕೆ ಬಂತು. ಅದರ ಒಳಮೈ ತುಂಬ ಅದೇ ಬಿಳಿ ಪುಡಿ. ಎನಾಮೆಲ್ ಹಿಡಿದುಕೊಂಡದ್ದು ದೋಣಿಯನ್ನಲ್ಲ, ಪುಡಿಯನ್ನು.

ನನ್ನ ಜೆಲ್‌ಕೋಟ್ ಆಸೆಗೆ ಮೊದಲ ಪೆಟ್ಟು ಇಲ್ಲೇ. ಜೆಲ್‌ಕೋಟ್ ಯಾವ ಹಳೇ ಪೇಂಟಿನ ಮೇಲೂ ನಿಲ್ಲುವುದಿಲ್ಲ. ಎಲ್ಲವನ್ನೂ ಕೆರೆದು ಬರೀ ಪಾಲಿಯೆಸ್ಟರ್ ಸಿಗುವವರೆಗೆ ಹೋಗಬೇಕು. ಹಾಗೆಂದು ಪಿಯು ಹಾಕುವವರು ಎನಾಮೆಲ್ ಬಿಡಬಹುದು ಅಂತಲ್ಲ. ಎರಡು ಡಬ್ಬಿಯ ಪೇಂಟಿನ ತಿನ್ನರ್ ತಾಗಿದರೆ ಎನಾಮೆಲ್ ಮುದುಡಿ ಮೇಲೇಳುತ್ತದೆ. ಅಂತೂ ಕೆರೆಯುವುದು ಎರಡಕ್ಕೂ ತಪ್ಪಿದ್ದಲ್ಲ.

ಎರಡನೇ ಪೆಟ್ಟು ಬಲಬದಿಯ ಒಂದು ಮಂಕಾದ ತೇಪೆ. ಐದಾರು ವರ್ಷದ ಹಿಂದೆ ಜೆಟ್ಟಿಗೆ ಬಡಿದು ಒಡೆದಾಗ ಹಾಕಿದ್ದು. ಯಾವ ರೆಸಿನ್ ಅದು? ಅಣ್ಣನಿಗೆ ಹೆಸರು ನೆನಪಿಲ್ಲ. ಮೇಸ್ತ್ರಿ ಬೇರೆ ರೀತಿ ಕೇಳಿದರು: "ಒಂದು ದೊಡ್ಡ ಡಬ್ಬಿಗೆ ನಾಲ್ಕು ಹನಿ ಹಾಕಿ ಕಲಸಿದ್ದೋ, ಇಲ್ಲ ಎರಡು ಡಬ್ಬಿ ಹೆಚ್ಚುಕಮ್ಮಿ ಸಮಸಮ ಕಲಸಿದ್ದೋ?" ಅಣ್ಣ ಅಂದ, "ಸಮಸಮ."

ಹಾಗಾದರೆ ಇಪಾಕ್ಸಿ. ಪಾಲಿಯೆಸ್ಟರ್‌ಗೆ ಕ್ಯಾಟಲಿಸ್ಟ್ ಬೇಕಾಗುವುದು ನೂರಕ್ಕೆ ಒಂದೆರಡು ಭಾಗ ಮಾತ್ರ. ಇಪಾಕ್ಸಿಗೆ ಹಾರ್ಡ್ನರ್ ಬಹಳ ಬೇಕು. ಪಾಲಿಯೆಸ್ಟರ್ ಮೇಲೆ ಇಪಾಕ್ಸಿ ಚೆನ್ನಾಗಿ ಅಂಟುತ್ತದೆ. ಇಪಾಕ್ಸಿ ಮೇಲೆ ಪಾಲಿಯೆಸ್ಟರನ್ನು ನಂಬಲಿಕ್ಕಾಗುವುದಿಲ್ಲ. ಕೆಲವೊಮ್ಮೆ ಸರಿಯಾಗಿ ಗಟ್ಟಿಯೂ ಆಗುವುದಿಲ್ಲ. ಜೆಲ್‌ಕೋಟ್ ಕೂಡ ಪಾಲಿಯೆಸ್ಟರೇ. ಹಳೇ ದೋಣಿ ಇಟ್ಟುಕೊಂಡವರು ಬೇರೇನು ಮರೆತರೂ ಈ ಒಂದು ದಾರಿಯ ಸಂಬಂಧ ಮರೆಯಬಾರದು. ನಿಮ್ಮ ದೋಣಿಗೆ ಹಿಂದೆ ಯಾರು, ಎಲ್ಲಿ, ಏನು ಮೆತ್ತಿದ್ದಾರೆ ಅನ್ನುವುದೇ ಅರ್ಧ ತೀರ್ಮಾನ ಮಾಡಿಬಿಟ್ಟಿರುತ್ತದೆ.

ಆಮೇಲೆ ಮೇಸ್ತ್ರಿ ಒಳಗೆ ಅಂಚಿನ ಹತ್ತಿರ ಗೇಣುದ್ದ ಜಾಗವನ್ನು 800 ನಂಬರ್ ಸ್ಯಾಂಡ್ ಪೇಪರಿನಿಂದ ನೀರು ಹಾಕಿ ಉಜ್ಜಿ, ಕಾರಿಗೆ ಹಾಕುವ ರಬ್ಬಿಂಗ್ ಕಾಂಪೌಂಡ್ ತಿಕ್ಕಿದರು. ಹತ್ತೇ ನಿಮಿಷ. 2003ರ ಹೊಳಪು ಬಂತು! ಅಲ್ಲಿ ಬಿಸಿಲು ಕಮ್ಮಿ ಬಿದ್ದು ಜೆಲ್‌ಕೋಟ್ ದಪ್ಪ ಉಳಿದಿತ್ತು. ಅಂಥ ಕಡೆ ಪೇಂಟೂ ಬೇಡ, ಜೆಲ್‌ಕೋಟೂ ಬೇಡ. ಹಳೇ ದೋಣಿ ಇರುವವರು ಖರ್ಚಿಗೆ ಇಳಿಯುವ ಮೊದಲು ಈ ಗೇಣುದ್ದದ ಪರೀಕ್ಷೆ ಮಾಡಿ ನೋಡಿ. ಹೊರಬದಿಯಲ್ಲಿ ಮಾಡಿದರೆ ನಮ್ಮ ಅದೃಷ್ಟ ಕೈಕೊಟ್ಟಿತು. ಸ್ವಲ್ಪ ಉಜ್ಜುವಷ್ಟರಲ್ಲಿ ಒಳಗಿನ ನೂಲಿನ ಗುರುತು ಇಣುಕಿತು.

ಹಿಂಬದಿಯ ಸದ್ದು

ಮೇಸ್ತ್ರಿ ಹೊರಡುವ ಮೊದಲು ಸುತ್ತಿಗೆಯ ಹಿಡಿಯಿಂದ ದೋಣಿಯ ಮೈಮೇಲೆ ಟೊಕ್ ಟೊಕ್ ಬಡಿಯುತ್ತಾ ಹೋದರು. ಕಲ್ಲಂಗಡಿ ಆರಿಸುವಾಗ ಬಡಿಯುತ್ತೇವಲ್ಲ, ಹಾಗೆ. ಎಲ್ಲ ಕಡೆ ಗಟ್ಟಿ ಸದ್ದು. ಹಿಂಬದಿಯಲ್ಲಿ ಎಂಜಿನ್ ಕೂರುವ ಹಲಗೆಯ ಹತ್ತಿರ ಬಂದಾಗ ಸದ್ದು ಬದಲಾಯಿತು. ಟೊಕ್ ಹೋಗಿ ಡಬ್. ಮತ್ತೆ ಬಡಿದರು. ಡಬ್.

ಅಲ್ಲಿ ಅಪ್ಪಯ್ಯ ಮೊದಲ ಸಲ ಎದ್ದು ಬಂದರು.

ಫೈಬರ್ ದೋಣಿಯ ಹಿಂಬದಿ ಪೂರ್ತಿ ಫೈಬರ್ ಅಲ್ಲ. ಎಂಜಿನ್ನಿನ ಭಾರ ಮತ್ತು ನೂಕು ತಡೆಯಲಿಕ್ಕೆ ಎರಡು ಫೈಬರ್ ಪದರದ ನಡುವೆ ಪ್ಲೈವುಡ್ ಇಟ್ಟಿರುತ್ತಾರೆ. ಎಂಜಿನ್ ಬೋಲ್ಟಿನ ತೂತಿನಿಂದ ವರ್ಷಗಟ್ಟಲೆ ನೀರು ಇಳಿದರೆ ಆ ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ. ಹೊರಗಿನಿಂದ ಕಾಣುವುದು ಜೇಡರ ಬಲೆಯಂಥ ನಾಲ್ಕು ಬಿರುಕು ಮಾತ್ರ. ಮೇಸ್ತ್ರಿ ಒಂದು ಬೋಲ್ಟ್ ಬಿಚ್ಚಿ ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರು. ಹೊರಬಂದದ್ದು ಒದ್ದೆ ಕಾಫಿ ಪುಡಿಯಂಥ ಮರ.

ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ಅಣ್ಣ ಆ ವಾರವೂ ಅದೇ ಹಲಗೆಗೆ ಎಂಜಿನ್ ಕಟ್ಟಿ ಇಬ್ಬರನ್ನು ಕರೆದುಕೊಂಡು ಹೋಗಿ ಬಂದಿದ್ದ. ನಾನು ಅರವತ್ತು ಸಾವಿರ ಹಿಡಿದುಕೊಂಡು ಅದರ ಮೇಲೆ ಹೊಳಪು ಹಚ್ಚಲಿಕ್ಕೆ ಹೊರಟಿದ್ದೆ. ಹಚ್ಚಿದ್ದರೆ ಆ ನಾಲ್ಕು ಬಿರುಕೂ ಮುಚ್ಚಿಹೋಗುತ್ತಿತ್ತು. ಕೊಳ್ಳಲಿಕ್ಕೆ ಬಂದವರಿಗೂ ಕಾಣುತ್ತಿರಲಿಲ್ಲ, ಅಣ್ಣನಿಗೂ.

"ಹೊಳ್ಯೂದ್ ಎಂತಕ್ಕೆ? ಮೀನಿಗೆ ತೋರ್ಸುಕಾ?" ಅಂದರು ಅಪ್ಪಯ್ಯ. "ಮೊದ್ಲ್ ಇದನ್ನ ಮಾಡಿ."

ಆ ಕೆಲಸಕ್ಕೆ ಒಂದು ವಾರ, ಬೋನಸ್ಸಿನ ಅರ್ಧದ ಹತ್ತಿರ ಹೋಯಿತು. ಒಳಗಿನ ಪದರ ಕತ್ತರಿಸಿ, ಕೊಳೆತದ್ದನ್ನೆಲ್ಲ ತೋಡಿ, ಒಣಗಲು ಬಿಟ್ಟು, ಹೊಸ ಮರೈನ್ ಪ್ಲೈ ಕೂರಿಸಿ ಮತ್ತೆ ಗಾಜಿನ ಬಟ್ಟೆ ಹಾಕಿದರು. ಮೇಸ್ತ್ರಿ ಸಾಮಾನ್ಯವಾಗಿ ಎಲ್ಲಕ್ಕೂ ಪಾಲಿಯೆಸ್ಟರನ್ನೇ ಬಳಸುವವರು, ಅದು ಅಗ್ಗ. ಹಳೇ ಫೈಬರಿಗೆ ಹೊಸದನ್ನು ಅಂಟಿಸುವಾಗ ಇಪಾಕ್ಸಿಯ ಹಿಡಿತ ಗಟ್ಟಿ ಎಂದು ಇಲ್ಲಿ ಇಪಾಕ್ಸಿಯೇ ಇರಲಿ ಅಂದೆ. ಅವರು ನಕ್ಕರು. "ಹಾಕುವ. ಆದರೆ ಹಿಂಬದಿಗೆ ಜೆಲ್‌ಕೋಟಿನ ಮಾತು ಇನ್ನು ಆಡಬಾರದು." ಹೊರಗಿನ ಹಳೇ ಬೋಲ್ಟ್ ತೂತುಗಳನ್ನೂ ಇಪಾಕ್ಸಿಯಿಂದಲೇ ಮುಚ್ಚಿದ್ದರಿಂದ ಆ ಬಾಗಿಲು ಅಲ್ಲಿಗೆ ಮುಚ್ಚಿತು.

ತೀರ್ಮಾನ ಆದದ್ದು ಹೀಗೆ

ಉಳಿದ ದುಡ್ಡಿನಲ್ಲಿ ಏನು ಮಾಡುವುದು? ನಾನು ಲ್ಯಾಪ್‌ಟಾಪ್ ತೆಗೆದು ಲೆಕ್ಕ ಹಾಕಿದೆ. ನಮ್ಮ ದೋಣಿಯ ಹೊರಮೈ ಸುಮಾರು 20 ಚದರ ಮೀಟರ್. ಅರ್ಧ ಮಿಲಿಮೀಟರ್ ಜೆಲ್‌ಕೋಟ್ ಬೇಕಾದರೆ ಒಂದು ಚದರ ಮೀಟರಿಗೆ ಅರ್ಧ ಲೀಟರ್, ತೂಕದಲ್ಲಿ ಸುಮಾರು 600 ಗ್ರಾಂ. ಒಟ್ಟು 12 ಕೆಜಿ, ಚೆಲ್ಲಿದ್ದು-ಅಂಟಿದ್ದು ಸೇರಿಸಿದರೆ ಇನ್ನೂ ಹೆಚ್ಚು. ಪಿಯು ಆದರೆ ಒಂದು ಲೀಟರಿಗೆ ಹತ್ತು ಚದರ ಮೀಟರ್ ಹಿಡಿದರೂ ಎರಡು ಕೈಗೆ 4 ಲೀಟರ್ ಸಾಕು, ಪ್ರೈಮರ್ ಬೇರೆ. ಸಾಮಾನಿನ ಖರ್ಚು ನೋಡಿದರೆ ಜೆಲ್‌ಕೋಟ್ ದುಬಾರಿಯಲ್ಲ. ದುಬಾರಿ ಇರುವುದು ಅದರ ನಂತರದ ಕೂಲಿ.

ಯಾಕೆಂದರೆ ಈಗ ಅಚ್ಚು ಇಲ್ಲ. ಬ್ರಶ್‌ನಿಂದಲೋ ಸ್ಪ್ರೇಯಿಂದಲೋ ಹೊರಗೆ ಬಳಿದ ಜೆಲ್‌ಕೋಟ್ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗಾಗಿ ಕೂರುತ್ತದೆ. ಅದನ್ನು 220, 400, 600, 800, 1000 ಅಂತ ಒಂದೊಂದೇ ನಂಬರ್ ಪೇಪರಿನಿಂದ ಉಜ್ಜಿ, ಕಾಂಪೌಂಡ್ ತಿಕ್ಕಿ, ಮೇಣ ಹಚ್ಚಿದಾಗ ಹೊಳಪು ಬರುತ್ತದೆ. 20 ಚದರ ಮೀಟರಿಗೆ ಇದನ್ನು ಮಾಡಿಸಿದರೆ ಉಳಿದ ದುಡ್ಡು ಕೂಲಿಗೇ ಸಾಲದು. ಪಿಯು ಆದರೆ ತಾನಾಗಿ ಹರಡಿ ಹೊಳೆಯುತ್ತದೆ.

ಹಾಗಾದರೆ ಎಲ್ಲಕ್ಕೂ ಪಿಯು ಅಂದೆ. ಈಗ ಅಡ್ಡ ಬಂದವನು ಅಣ್ಣ. ನಮ್ಮ ದೋಣಿ ಬಂದರಿನಲ್ಲಿ ತೇಲಿಕೊಂಡು ನಿಲ್ಲುವುದಲ್ಲ. ದಿನಾ ಮರಳಿನ ಮೇಲೆ ಎಳೆದು ಹಾಕುವುದು, ದಿನಾ ನೂಕುವುದು. "ಅಡಿಗೆ ನಿನ್ನ ಪಿಯು ಎಷ್ಟ್ ದಿನ ನಿಲ್ತತ್ತ್?" ಎಂದು ಕೇಳಿದ. ನೂರು ಮೈಕ್ರಾನ್ ಎದುರು ಕೋಡಿಯ ಮರಳು. ಉತ್ತರ ನನಗೂ ಗೊತ್ತಿತ್ತು.

ಅಡಿಭಾಗ ನೋಡಿದರೆ ಅಲ್ಲಿ ಯಾರೂ ಎಂದೂ ಪೇಂಟ್ ಹಾಕಿಲ್ಲ, ಇಪಾಕ್ಸಿ ತೇಪೆಯೂ ಇಲ್ಲ. ಬರೀ ಹಳೇ ಪಾಲಿಯೆಸ್ಟರ್. ಜೆಲ್‌ಕೋಟಿಗೆ ಹೇಳಿಮಾಡಿಸಿದ ಜಾಗ. ಅಡಿ ಹೊಳೆಯಬೇಕು ಅಂತ ಯಾರ ಹಟವೂ ಇಲ್ಲದ್ದರಿಂದ ಆ ಉಜ್ಜಾಟವೂ ತಪ್ಪಿತು. ಮರಳಿಗೆ ತಾಗುವ ಅಡಿಗೆ ಜೆಲ್‌ಕೋಟ್, ಕಣ್ಣಿಗೆ ಕಾಣುವ ಎರಡು ಬದಿ ಮತ್ತು ಹಿಂಬದಿಗೆ ಇಪಾಕ್ಸಿ ಪ್ರೈಮರ್ ಮೇಲೆ ಪಿಯು, ಒಳಗೆ ಸೋಪು ನೀರು ಮತ್ತು ಅಲ್ಲಲ್ಲಿ ಕಾಂಪೌಂಡ್. ಹಳೇ ದೋಣಿಗೆ ಯಾವುದು ಒಳ್ಳೆಯದು ಎಂದು ನಾನು ವಾರಗಟ್ಟಲೆ ಕೇಳಿದ ಪ್ರಶ್ನೆಯೇ ತಪ್ಪಿತ್ತು. ದೋಣಿಯ ಯಾವ ಜಾಗಕ್ಕೆ ಎಂದು ಕೇಳಬೇಕಿತ್ತು.

ದೋಣಿ ವರ್ಷವಿಡೀ ನೀರಿನಲ್ಲೇ ನಿಲ್ಲುವುದಾದರೆ ಲೆಕ್ಕ ಬೇರೆ, ಅದನ್ನೂ ಹೇಳಬೇಕು. ಬದಿಗೆ ಹಾಕುವ ಪಿಯು ಸದಾ ಮುಳುಗಿರುವ ಜಾಗಕ್ಕಲ್ಲ, ಗುಳ್ಳೆ ಏಳುತ್ತದೆ. ಅಲ್ಲಿ ಇಪಾಕ್ಸಿಯ ಹಲವು ಪದರ, ಅದರ ಮೇಲೆ ಚಿಪ್ಪು-ಪಾಚಿ ಹತ್ತದ ಹಾಗೆ ತಡೆಯುವ ತಾಮ್ರದ ಪೇಂಟ್ ಬೇಕು. ಅಡಿಯಲ್ಲಿ ಆಗಲೇ ಗುಳ್ಳೆಗಳಿದ್ದು, ಚುಚ್ಚಿದಾಗ ವಿನೆಗರ್ ವಾಸನೆಯ ನೀರು ಬಂದರೆ ಫೈಬರಿನೊಳಗೆ ನೀರು ಸೇರಿದೆ ಅಂತ ಅರ್ಥ. ಅದಕ್ಕೆ ಬಣ್ಣದ ಅಂಗಡಿಯಲ್ಲಿ ಮದ್ದಿಲ್ಲ. ಕೆರೆದು, ತಿಂಗಳುಗಟ್ಟಲೆ ಒಣಗಿಸಿಯೇ ಮುಂದಿನ ಮಾತು.

ನನ್ನ ಅಂಟಂಟು ಪಾಠ

ಎರಡು ವಾರ ಮನೆಯಿಂದಲೇ ಕೆಲಸ ಅಂತ ಮ್ಯಾನೇಜರ್‌ಗೆ ಹೇಳಿ, ತೆಂಗಿನ ಮಡಲಿನ ಚಪ್ಪರದ ಅಡಿ ಕೂತೆ. ಬೆಳಗ್ಗೆ ದೋಣಿ, ಆಮೇಲೆ ಮೀಟಿಂಗ್. ಸಿಹಿನೀರಲ್ಲಿ ಉಪ್ಪು ತೊಳೆದೆವು. ಉಜ್ಜುವ ಮೊದಲೇ ತಿನ್ನರಿನಿಂದ ಜಿಡ್ಡು ತೆಗೆಯಬೇಕು. ಇಲ್ಲವಾದರೆ ಸ್ಯಾಂಡ್ ಪೇಪರ್ ಅದೇ ಜಿಡ್ಡನ್ನು ಗೀರಿನೊಳಗೆ ತುಂಬುತ್ತದೆ. ಒಂದು ಬಟ್ಟೆ ತಿನ್ನರಿನಲ್ಲಿ ಅದ್ದಿ ಒರೆಸುವುದು, ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ತೆಗೆಯುವುದು. ಬಟ್ಟೆ ಬದಲಾಯಿಸುತ್ತಲೇ ಇರಬೇಕು. ಅಮ್ಮನ ಹಳೇ ಸೀರೆ ಮೂರು ಹೋಯಿತು.

ಫೈಬರ್ ಉಜ್ಜಿದ ಧೂಳಿನ ತುರಿಕೆ ಹೇಳಿ ಪ್ರಯೋಜನವಿಲ್ಲ. ತೋಳು ಮುಚ್ಚುವ ಅಂಗಿ, ಕನ್ನಡಕ, ಒಳ್ಳೆಯ ಮಾಸ್ಕ್ ಹಾಕಿ. ಮೊದಲ ಸ್ನಾನ ತಣ್ಣೀರಲ್ಲಿ ಮಾಡಿ.

ಜೆಲ್‌ಕೋಟಿನ ಮೊದಲ ಪ್ರಯೋಗ ನಾನೇ ಮಾಡಿದೆ. ಅಡಿಯ ಒಂದು ಮೂಲೆಗೆ ಬಳಿದು, ಮಾರನೇ ದಿನ ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟುತ್ತಿದೆ. ಎರಡನೇ ದಿನವೂ ಅಂಟು. ಕ್ಯಾಟಲಿಸ್ಟ್ ಕಮ್ಮಿಯಾಯಿತು ಅಂದುಕೊಂಡೆ. ಮೇಸ್ತ್ರಿ ಬಂದು ನೋಡಿ, "ಮೇಣ ಹಾಕಿದ್ಯಾ?" ಅಂದರು. ಜೆಲ್‌ಕೋಟಿನ ಗಾಳಿಗೆ ತೆರೆದ ಮೈ ಪೂರ್ತಿ ಗಟ್ಟಿಯಾಗುವುದಿಲ್ಲ. ಅಚ್ಚಿನೊಳಗೆ ಗಾಳಿ ತಾಗದ್ದರಿಂದ ಅಲ್ಲಿ ಈ ತೊಂದರೆ ಇಲ್ಲ. ಹೊರಗೆ ಬಳಿಯುವಾಗ ಕೊನೆಯ ಕೈಗೆ ಮೇಣದ ದ್ರಾವಣ ಬೆರೆಸಬೇಕು. ಅದು ಮೇಲೆ ತೇಲಿ ಬಂದು ಗಾಳಿಯನ್ನು ತಡೆಯುತ್ತದೆ. ಆದರೆ ಕೊನೆಯ ಕೈಗೆ ಮಾತ್ರ. ನಡುವಿನ ಕೈಗೆ ಬೆರೆಸಿದರೆ ಮುಂದಿನದು ಅಂಟುವುದಿಲ್ಲ.

ಇನ್ನೊಂದು ಎಚ್ಚರಿಕೆ ಅವರು ಗಟ್ಟಿ ಸ್ವರದಲ್ಲಿ ಹೇಳಿದ್ದು. ನಮ್ಮಲ್ಲಿ ರೆಸಿನ್ ಜೊತೆ ಎರಡು ಬಾಟಲಿ ಕೊಡುವುದುಂಟು: ನೇರಳೆ ಬಣ್ಣದ ಕೋಬಾಲ್ಟ್, ನೀರಿನಂತಿರುವ ಕ್ಯಾಟಲಿಸ್ಟ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಲೇಬಾರದು, ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಅಲ್ಲಿಯವರೆಗೆ ನಾನು ಕನ್ನಡಕ ತಲೆಯ ಮೇಲೆ ಏರಿಸಿಕೊಂಡು ಓಡಾಡುತ್ತಿದ್ದೆ!

ಅಂಟಿದ್ದನ್ನೆಲ್ಲ ಒರೆಸಿ ತೆಗೆದು, ಅಡಿಯನ್ನು 80 ನಂಬರ್ ಪೇಪರಿನಿಂದ ಒರಟು ಮಾಡಿ ಮತ್ತೆ ಬಳಿದೆವು. ಮೇ ಸೆಕೆಗೆ ಕಲಸಿದ ಡಬ್ಬಿ ಕಾಲು ಗಂಟೆಯಲ್ಲೇ ಮೊಸರಾಗುತ್ತಿತ್ತು, ಹಾಗಾಗಿ ಅರ್ಧರ್ಧ ಕೆಜಿಯಷ್ಟೇ ಕಲಸಿದ್ದು. ಒಟ್ಟು 7 ಕೆಜಿ ಹಿಡಿಯಿತು. ಅಡಿ ಮುಗಿದ ಮೇಲೆಯೇ ಬದಿಯ ಪ್ರೈಮರ್. ಈ ಕ್ರಮ ತಿರುಗಿಸುವ ಹಾಗಿಲ್ಲ. ಮೇಣ ತೆಗೆದು ಉಜ್ಜಿದ ಜೆಲ್‌ಕೋಟಿನ ಅಂಚಿನ ಮೇಲೆ ಇಪಾಕ್ಸಿ ಪ್ರೈಮರ್ ಕೂರುತ್ತದೆ, ಪ್ರೈಮರಿನ ಮೇಲೆ ಜೆಲ್‌ಕೋಟ್ ಕೂರುವುದಿಲ್ಲ.

ಪಿಯು ಸ್ಪ್ರೇ ಮಾಡಿಸೋಣ ಎಂದು ಅಣ್ಣ ಹೇಳಿದ. ಬೇಡವೆಂದೆ. ಅದರ ಹಾರ್ಡ್ನರಿನಲ್ಲಿ ಐಸೊಸೈನೇಟ್ ಇರುತ್ತದೆ. ಮಂಜಾಗಿ ಉಸಿರಿಗೆ ಹೋದರೆ ಆಸ್ತಮಾ ಶಾಶ್ವತವಾಗಿ ಅಂಟಿಕೊಳ್ಳಬಹುದು. ಹೊರಗಿನ ಗಾಳಿಯನ್ನು ಪೈಪಿನಲ್ಲಿ ಒದಗಿಸುವ ಮುಖವಾಡ ಬೇಕು. ಬಾಯಿಗೆ ಕಟ್ಟಿಕೊಂಡ ಟವೆಲ್ ಯಾತಕ್ಕೂ ಸಾಲದು. ಅಪ್ಪಯ್ಯನಿಗೆ ಮೊದಲೇ ದಮ್ಮು. ಸಣ್ಣ ರೋಲರ್‌ನಿಂದ ಒಬ್ಬ ಹಚ್ಚುತ್ತಾ ಹೋಗುವುದು, ಹಿಂದಿನಿಂದ ಇನ್ನೊಬ್ಬ ಒಳ್ಳೆಯ ಬ್ರಶ್‌ನ ತುದಿಯಿಂದ ಹಗುರವಾಗಿ ನೇವರಿಸುವುದು. ಮೂರಡಿ ದೂರದಿಂದ ನೋಡಿದರೆ ಸ್ಪ್ರೇ ಮಾಡಿದ ಹಾಗೇ ಕಾಣುತ್ತದೆ. ಹೀಗೆ ಹಚ್ಚುವಾಗಲೂ ತಿನ್ನರ್ ವಾಸನೆ ತಡೆಯುವ ಡಬ್ಬಿ ಇರುವ ಮಾಸ್ಕ್ ಮತ್ತು ಗ್ಲೌಸ್ ಹಾಕಿಯೇ ಮಾಡಿದೆವು.

ಸಮಯ ಮಾತ್ರ ಬಹಳ ಸಣ್ಣದು. ಬೆಳಗ್ಗೆ ಇಬ್ಬನಿ ಆರುವವರೆಗೆ ಮುಟ್ಟುವ ಹಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಎದ್ದು ಮರಳು ತರುತ್ತದೆ. ಸಂಜೆ ಹಚ್ಚಿದರೆ ರಾತ್ರಿಯ ಇಬ್ಬನಿ ಬಿದ್ದು ಹೊಳಪು ಮಂಕಾಗುತ್ತದೆ. ಉಳಿಯುವುದು ಎಂಟೂವರೆಯಿಂದ ಹನ್ನೊಂದು. ಎರಡೂ ಕೈಯನ್ನು ಆ ಎರಡೂವರೆ ಗಂಟೆಗಳಲ್ಲೇ, ಎರಡು ಬೇರೆ ಬೇರೆ ದಿನ ಹಚ್ಚಿದೆವು. ಬಣ್ಣ ಬಿಳಿಯೇ. ಅಣ್ಣನಿಗೆ ಕಡು ನೀಲಿಯ ಆಸೆ ಇತ್ತು. ಕಡು ಬಣ್ಣ ಬಿಸಿಲಿಗೆ ಬೇಗ ಮಂಕಾಗುತ್ತದೆ, ಬಿಸಿಯೂ ಹೆಚ್ಚು ಹೀರುತ್ತದೆ ಎಂದು ಹೇಳಿ ಒಂದೇ ಒಂದು ಪಟ್ಟಿಗೆ ಒಪ್ಪಿಸಿದೆ.

ಒಟ್ಟು ಖರ್ಚು 66 ಸಾವಿರ. ಮೇಲಿನ ಆರು ಸಾವಿರ ಅಮ್ಮ ಕೊಟ್ಟದ್ದು, ಯಾರಿಗೂ ಹೇಳಬೇಡ ಅಂದಿದ್ದಾರೆ.

ಮೇ ಕೊನೆಯ ವಾರ ದೋಣಿ ನೀರಿಗಿಳಿಯಿತು. ಜೂನ್, ಜುಲೈ ಎರಡು ತಿಂಗಳು ದೊಡ್ಡ ಯಾಂತ್ರೀಕೃತ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. 10 ಅಶ್ವಶಕ್ತಿಯ ಒಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಅವಕಾಶ ಉಂಟು. ಅಣ್ಣ ಹೋಗುವುದು ಆಗಲೇ. ಇಳಿಸುವ ಮುನ್ನ ಅಪ್ಪಯ್ಯ ಹಿಂಬದಿಗೆ ಹೋಗಿ ಮುಷ್ಟಿಯಿಂದ ಬಡಿದರು. ಟೊಕ್. ಆಮೇಲೆ ಬದಿಯನ್ನು ಅಂಗೈಯಿಂದ ಉದ್ದಕ್ಕೆ ಸವರಿ, ಕೈ ತಿರುಗಿಸಿ ನೋಡಿಕೊಂಡರು. ಏನೂ ಹತ್ತಿರಲಿಲ್ಲ.

ಆಗಸ್ಟ್‌ನಲ್ಲಿ ಅಣ್ಣ ವಿಡಿಯೋ ಕಾಲ್ ಮಾಡಿ ಅಡಿ ತೋರಿಸಿದ. ಮರಳಿನಲ್ಲಿದ್ದ ಯಾವುದೋ ಕಲ್ಲಿಗೆ ತಾಗಿ ಮೊಳದುದ್ದ ಗೀರು. ನನಗೆ ಎದೆ ಧಸಕ್ಕೆಂದಿತು. "ಹೆದ್ರಬೇಡ, ಒಳಗೂ ಬಿಳಿಯೇ ಇತ್ತ್" ಅಂದ. ಅರ್ಧ ಮಿಲಿಮೀಟರಿನ ಲಾಭ ಅದು. ಬಲೆಯ ಹಗ್ಗ ಉಜ್ಜುವ ಮೇಲಿನ ಅಂಚಿನಲ್ಲಿ ಮಾತ್ರ ಪಿಯು ಸವೆದು ಪ್ರೈಮರಿನ ಬೂದು ಬಣ್ಣ ಕಾಣುತ್ತಿದೆ. ಅಲ್ಲಿ ರಬ್ಬರ್ ಪಟ್ಟಿ ಹೊಡೆಸಬೇಕಿತ್ತು, ಯಾರಿಗೂ ಹೊಳೆಯಲಿಲ್ಲ. ಉಳಿದ ಅರ್ಧ ಲೀಟರ್ ಪೇಂಟ್ ಮತ್ತು ಹಾರ್ಡ್ನರನ್ನು ಬೇರೆ ಬೇರೆ ಮುಚ್ಚಳ ಬಿಗಿದು ಅಪ್ಪಯ್ಯ ತಮ್ಮ ಮಂಚದ ಅಡಿಯಲ್ಲೇ ಇಟ್ಟುಕೊಂಡಿದ್ದಾರಂತೆ. ದೀಪಾವಳಿಗೆ ಬರುವಾಗ ಒಳ್ಳೆಯ ಬ್ರಶ್ ಒಂದು ತಗೊಂಡು ಬಾ ಅಂದಿದ್ದಾರೆ.